ಮಗಳು ಸೈನ್ಯಕ್ಕೆ ಹೊರಟಳೇ? ತಾಯಿಗೆ ತಿಳಿದಿರಲಿ ಈ ಮಾತು

ಬೆಳಗಿನ ಐದೂವರೆಗೆ ಬೆಂಗಳೂರಿನ ಜ್ಞಾನಭಾರತಿ ಆವರಣದ ಕಡೆಗೋ, ರಾಜಾಜಿನಗರ, ವಿಜಯನಗರಗಳ ಆಟದ ಮೈದಾನಗಳ ಕಡೆಗೋ ಒಮ್ಮೆ ಹೋಗಿ ನೋಡಿ. ಜಡೆ ಎತ್ತಿ ಕಟ್ಟಿಕೊಂಡು, ಬೂಟು ಬಿಗಿದುಕೊಂಡು ಓಡುವ ಹುಡುಗಿಯರು ಕಣ್ಣಿಗೆ ಬೀಳುತ್ತಾರೆ. ಒಬ್ಬಳಿಗೆ ಪೊಲೀಸ್ ಪರೀಕ್ಷೆಯ ಕನಸು, ಇನ್ನೊಬ್ಬಳಿಗೆ ಅಗ್ನಿವೀರ್ ಭರ್ತಿಯ ಕನಸು, ಮತ್ತೊಬ್ಬಳಿಗೆ ಎನ್.ಸಿ.ಸಿ. ಸರ್ಟಿಫಿಕೇಟು ಹಿಡಿದು ಅಧಿಕಾರಿಯಾಗುವ ಆಸೆ. ತುಮಕೂರು, ಹಾಸನ, ಚನ್ನಪಟ್ಟಣ, ಬೈಲಹೊಂಗಲದ ಮೈದಾನಗಳಲ್ಲೂ ಈಗ ಇದೇ ನೋಟ. ನಮ್ಮ ಕಾಲದಲ್ಲಿ ಹೆಣ್ಣುಮಗಳು ಓಡಿದರೆ ‘ಗಂಡುಬೀರಿ’ ಎನ್ನುತ್ತಿದ್ದರು. ಈಗ ತಾಯಂದಿರೇ ಬೆಳಗ್ಗೆ ಎದ್ದು ನೆನೆಸಿಟ್ಟ ಬಾದಾಮಿ, ಬೇಯಿಸಿದ ಮೊಟ್ಟೆ ಕೊಟ್ಟು ಕಳಿಸುತ್ತಾರೆ. ಸಂತೋಷದ ಮಾತೇ ಸರಿ!

ಆದರೆ ಮಗಳ ಟ್ರಂಕಿಗೆ ಚಕ್ಕುಲಿ, ಉಪ್ಪಿನಕಾಯಿ, ಉಣ್ಣೆಯ ಸ್ವೆಟರು ತುಂಬುವ ತಾಯಿ ಒಂದು ಮಾತನ್ನು ಮಾತ್ರ ಬಾಯಿಬಿಟ್ಟು ಆಡುವುದಿಲ್ಲ. ‘ಅಲ್ಲಿ ಯಾರಾದರೂ ನಿನ್ನ ಮೈಮೇಲೆ ಕೈಹಾಕಿದರೆ ಏನು ಮಾಡ್ತೀಯೆ?’ ಎಂಬ ಮಾತು ಅದು. ‘ಶುಭ ಕೆಲಸಕ್ಕೆ ಹೊರಟವಳಿಗೆ ಅಪಶಕುನದ ಮಾತೇಕೆ?’ ಎನ್ನುತ್ತೀರಾ? ಮಳೆಗಾಲದಲ್ಲಿ ಕೊಡೆ ಕೊಟ್ಟು ಕಳಿಸುವುದು ಅಪಶಕುನವಲ್ಲವಷ್ಟೆ. ಇದೂ ಹಾಗೆಯೇ. ಬನ್ನಿ, ಇವತ್ತು ಸಂಕೋಚ ಬದಿಗಿಟ್ಟು ಇದನ್ನು ಮಾತಾಡೋಣ.

ಬೆಂಗಳೂರಿನ ಆ ಕವಾಯತು

ಸೈನ್ಯದಲ್ಲಿ ಹೆಣ್ಣುಮಕ್ಕಳು ಹೊಸಬರೇನಲ್ಲ. ಮಿಲಿಟರಿ ಆಸ್ಪತ್ರೆಗಳಲ್ಲಿ ನರ್ಸಿಂಗ್ ಅಧಿಕಾರಿಗಳಾಗಿ ಬ್ರಿಟಿಷರ ಕಾಲದಿಂದಲೂ ದುಡಿದಿದ್ದಾರೆ. ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿ ಇದಕ್ಕಾಗಿಯೇ ನರ್ಸಿಂಗ್ ಕಾಲೇಜು ಇದೆ. ಕಿತ್ತೂರಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ ರಾಣಿ ಚೆನ್ನಮ್ಮನ ಹೆಸರಿನ ಸೈನಿಕ ಶಾಲೆ 1969ರಲ್ಲೇ ಶುರುವಾಯಿತು. ನರ್ಸಿಂಗ್, ವೈದ್ಯಕೀಯ ಬಿಟ್ಟು ಬೇರೆ ವಿಭಾಗಗಳಲ್ಲಿ ಮಹಿಳೆಯರು ಅಧಿಕಾರಿಗಳಾಗಲು ಬಾಗಿಲು ತೆರೆದದ್ದು 1992ರ ಸುಮಾರಿಗೆ. ಪುರುಷ ಅಧಿಕಾರಿಗಳಂತೆ ಅವರಿಗೂ ಭೂಸೇನೆಯಲ್ಲಿ ಕಾಯಂ ಹುದ್ದೆ ಕೊಡಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2020ರ ಫೆಬ್ರವರಿಯಲ್ಲಿ.

ಅಧಿಕಾರಿಯಾಗಿ ಅಲ್ಲ, ಸಾಮಾನ್ಯ ಜವಾನಳಾಗಿ ಹೆಣ್ಣುಮಗಳು ಭೂಸೇನೆಗೆ ಸೇರಿದ್ದು ಮಾತ್ರ ತೀರ ಈಚೆಗೆ. ಆ ಮೊದಲ ತಂಡ ತಯಾರಾದದ್ದು ನಮ್ಮ ಬೆಂಗಳೂರಿನಲ್ಲೇ. ಇಲ್ಲಿನ ಮಿಲಿಟರಿ ಪೊಲೀಸ್ ತರಬೇತಿ ಕೇಂದ್ರದಲ್ಲಿ 61 ವಾರ ಬೆವರು ಸುರಿಸಿ, 83 ಮಂದಿ ಹುಡುಗಿಯರು 2021ರ ಮೇ 8ರಂದು ಕವಾಯತು ಮಾಡಿ ಹೊರಬಂದರು. ಕೊರೋನಾ ಕಾಲವಾದ್ದರಿಂದ ಸಮಾರಂಭ ಸರಳವಾಗಿಯೇ ನಡೆಯಿತು. 2022ರಿಂದ ಅಗ್ನಿವೀರ್ ಯೋಜನೆಯಲ್ಲಿ ಇನ್ನಷ್ಟು ಹುಡುಗಿಯರು ಹೋಗುತ್ತಿದ್ದಾರೆ. ಪುಣೆಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೂ ಅದೇ ವರ್ಷ ಹೆಣ್ಣುಮಕ್ಕಳು ಕಾಲಿಟ್ಟರು. ಅವರ ಮೊದಲ ತಂಡ 2025ರ ಮೇ ತಿಂಗಳಲ್ಲಿ ಹೊರಬಂತು.

ಅಂದರೆ, ಈ ಮಾತು ಯಾವುದೋ ದೊಡ್ಡ ಅಧಿಕಾರಿಗಳ ಮನೆಯ ಮಾತಲ್ಲ. ಕೆಂಗೇರಿಯ ಆಟೋ ಡ್ರೈವರ ಮಗಳು, ತಿಪಟೂರಿನ ಕೊಬ್ಬರಿ ಮಂಡಿ ಗುಮಾಸ್ತರ ಮಗಳು ಈಗ ಹೋಗುತ್ತಿದ್ದಾಳೆ. ನಿಮ್ಮ ಮಗಳೂ ಹೋಗಬಹುದು.

ಸಮವಸ್ತ್ರದ ಒಳಗೆ ಕಷ್ಟ ಯಾಕೆ ಬೇರೆ?

ಬಸ್ಸಿನಲ್ಲಿ ಯಾರೋ ಕೈಹಾಕಿದರೆ ಹುಡುಗಿ ಕಿರುಚಬಹುದು, ಚಪ್ಪಲಿ ತೆಗೆಯಬಹುದು. ಆಫೀಸಿನಲ್ಲಿ ಕೆಲಸ ಬಿಟ್ಟು ಮನೆಗೆ ಬರಬಹುದು. ಸೈನ್ಯದಲ್ಲಿ? ತೊಂದರೆ ಕೊಟ್ಟವನು ಮೇಲಧಿಕಾರಿಯಾಗಿದ್ದರೆ ಅವಳ ರಜೆ ಅವನ ಕೈಯಲ್ಲಿ, ಅವಳ ಡ್ಯೂಟಿ ಅವನ ಕೈಯಲ್ಲಿ, ವರ್ಷದ ಗೋಪ್ಯ ವರದಿ ಅವನ ಕೈಯಲ್ಲಿ. ಉಣ್ಣುವುದೂ ಅಲ್ಲೇ, ಮಲಗುವುದೂ ಅಲ್ಲೇ. ಹೇಳದೆ ಕೇಳದೆ ಮನೆಗೆ ಹೊರಟುಬಂದರೆ ಅದೇ ಒಂದು ಅಪರಾಧ! ತರಬೇತಿಯಲ್ಲಿ ಮೊದಲ ದಿನದಿಂದ ಕಲಿಸುವುದು ‘ಎಸ್ ಸರ್’ ಎನ್ನುವುದನ್ನು. ಯುದ್ಧದಲ್ಲಿ ಅದು ಜೀವ ಉಳಿಸುತ್ತದೆ, ನಿಜ. ಆದರೆ ನಡತೆಗೆಟ್ಟ ಒಬ್ಬ ಮೇಲಧಿಕಾರಿಗೆ ಅದೇ ‘ಎಸ್ ಸರ್’ ಮರೆಯೂ ಆಗಿಬಿಡುತ್ತದೆ. ‘ಬೇಲಿಯೇ ಎದ್ದು ಹೊಲ ಮೇಯ್ದರೆ’ ಎಂದು ಹಿರಿಯರು ಹೇಳಿದ್ದು ಇಂಥದ್ದಕ್ಕೇ.

ಅಗ್ನಿವೀರ್ ಹುಡುಗಿಗೆ ಇನ್ನೂ ಒಂದು ಗಂಟು. ನಾಲ್ಕು ವರ್ಷವಾದ ಮೇಲೆ ಕಾಲು ಭಾಗ ಜನರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ‘ದೂರು ಕೊಟ್ಟವಳು’ ಎಂಬ ಹೆಸರು ಬಂದರೆ ನನ್ನನ್ನು ಉಳಿಸಿಕೊಳ್ಳುತ್ತಾರೆಯೇ ಎಂಬ ಭಯ ಅವಳ ಬಾಯಿ ಕಟ್ಟಿಹಾಕಬಹುದು.

ಇಷ್ಟೆಂದ ಮಾತ್ರಕ್ಕೆ ಸೈನ್ಯವೆಲ್ಲ ಕೆಟ್ಟದ್ದೆಂದು ತಿಳಿಯಬೇಡಿ. ತಂಗಿಯಂತೆ, ಮಗಳಂತೆ ನೋಡಿಕೊಳ್ಳುವ ಸಾವಿರಾರು ಮಂದಿ ಅಲ್ಲಿದ್ದಾರೆ. ಒಂದು ಕೊಳೆತ ಟೊಮ್ಯಾಟೊ ಇದ್ದರೆ ಬುಟ್ಟಿಯನ್ನೇ ಎಸೆಯುತ್ತೇವೆಯೇ? ಎಸೆಯುವುದಿಲ್ಲ. ಕೊಳೆತದ್ದನ್ನು ಬಟ್ಟೆ ಮುಚ್ಚಿ ಇಡುವುದೂ ಇಲ್ಲ, ಅಲ್ಲವೇ?

ನಾವು ಮರೆಯಬಾರದ ಎರಡು ಪ್ರಕರಣಗಳು

ಅಂಜಲಿ ಗುಪ್ತಾ ಎಂಬ ಹೆಸರು ನಿಮ್ಮಲ್ಲಿ ಕೆಲವರಿಗಾದರೂ ನೆನಪಿದ್ದೀತು. ಬೆಂಗಳೂರಿನಲ್ಲಿ ವಾಯುಪಡೆಯ ವಿಮಾನ ಪರೀಕ್ಷಾ ಸಂಸ್ಥೆಯಲ್ಲಿ ಫ್ಲೈಯಿಂಗ್ ಆಫೀಸರ್ ಆಗಿದ್ದ ತರುಣಿ. 2005ರಲ್ಲಿ ತನ್ನ ಹಿರಿಯ ಅಧಿಕಾರಿಗಳು ಲೈಂಗಿಕ ಕಿರುಕುಳ ಕೊಟ್ಟರೆಂದು ಆಕೆ ದೂರಿದರು. ದೂರಿನಲ್ಲಿ ಹುರುಳಿಲ್ಲವೆಂದು ವಾಯುಪಡೆ ಹೇಳಿತು. ಅದೇ ವರ್ಷ ಆಕೆಯ ಮೇಲೆಯೇ ಅಶಿಸ್ತು, ಅವಿಧೇಯತೆ, ಸಣ್ಣ ಮೊತ್ತದ ಹಣದ ಅವ್ಯವಹಾರ ಎಂಬ ಆರೋಪಗಳನ್ನು ಹೊರಿಸಿ ಬೆಂಗಳೂರಿನಲ್ಲೇ ಕೋರ್ಟ್ ಮಾರ್ಷಲ್ ನಡೆಯಿತು. ವಾಯುಪಡೆಯಲ್ಲಿ ಕೋರ್ಟ್ ಮಾರ್ಷಲ್ ಎದುರಿಸಿದ ಮೊದಲ ಮಹಿಳಾ ಅಧಿಕಾರಿ ಆಕೆ. ತಪ್ಪಿತಸ್ಥಳೆಂದು ತೀರ್ಮಾನವಾಗಿ ಡಿಸೆಂಬರ್‌ನಲ್ಲಿ ಕೆಲಸ ಹೋಯಿತು. 2011ರಲ್ಲಿ ಆಕೆ ಭೋಪಾಲಿನಲ್ಲಿ ತೀರಿಕೊಂಡರು.

ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಕೊಡಲು ನಾವು ನ್ಯಾಯಾಧೀಶರಲ್ಲ. ಆಕೆಯ ಆರೋಪ ಯಾವ ನ್ಯಾಯಾಲಯದಲ್ಲೂ ಸಾಬೀತಾಗಲಿಲ್ಲ ಎಂಬುದೂ ನಿಜ. ಆದರೆ ಒಂದನ್ನು ಗಮನಿಸಿ. ದೂರು ಹೇಳಿದ್ದು ಯಾವ ಸಂಸ್ಥೆಯವರ ಮೇಲೋ, ಅದನ್ನು ಅಳೆದು ನೋಡಿದ್ದೂ ಅದೇ ಸಂಸ್ಥೆ. ದೂರಿದವಳನ್ನು ಕಟಕಟೆಗೆ ತಂದದ್ದೂ ಅದೇ ಸಂಸ್ಥೆ. ಹೀಗಾದಾಗ ಸತ್ಯವೇ ಹೊರಬಂದರೂ ನೋಡುವವರಿಗೆ ನಂಬಿಕೆ ಹುಟ್ಟುವುದು ಕಷ್ಟ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆ ಕೊಡುವ ಕಾಯ್ದೆ ಆಗ ಇನ್ನೂ ಹುಟ್ಟಿರಲಿಲ್ಲ. 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ನಿಯಮಗಳಷ್ಟೇ ಇದ್ದವು.

ಎರಡನೆಯದು 2021ರ ಸೆಪ್ಟೆಂಬರಿನದು. ನಮ್ಮ ನೆರೆಯ ಕೊಯಮತ್ತೂರಿನ ವಾಯುಪಡೆ ಆಡಳಿತ ಕಾಲೇಜಿಗೆ ತರಬೇತಿಗೆ ಬಂದಿದ್ದ ಮಹಿಳಾ ಅಧಿಕಾರಿಯೊಬ್ಬರು ಸಹ ಅಧಿಕಾರಿಯ ಮೇಲೆ ಅತ್ಯಾಚಾರದ ದೂರು ಕೊಟ್ಟರು. ಒಳಗೆ ದೂರು ಹಿಂತೆಗೆದುಕೊಳ್ಳಲು ಒತ್ತಾಯವಿತ್ತೆಂದು ಆರೋಪಿಸಿ ಆಕೆ ಪೊಲೀಸರ ಬಳಿ ಹೋದರು. ಪೊಲೀಸರು ಆರೋಪಿಯನ್ನು ಬಂಧಿಸಿದರು. ಅನಂತರ ಕೋರ್ಟ್ ಮಾರ್ಷಲ್ ನಡೆಸುವುದಾಗಿ ವಾಯುಪಡೆ ಕೇಳಿಕೊಂಡದ್ದರಿಂದ ನ್ಯಾಯಾಲಯ ಆತನನ್ನು ಅವರಿಗೆ ಒಪ್ಪಿಸಿತು. ತನಗೆ ‘ಎರಡು ಬೆರಳಿನ ಪರೀಕ್ಷೆ’ ಮಾಡಿದರೆಂದು ಆಕೆ ಹೇಳಿದ್ದರು. ಹಾಗೆ ಮಾಡಿಲ್ಲವೆಂದು ವಾಯುಪಡೆಯ ಮುಖ್ಯಸ್ಥರು ಹೇಳಿದರು. ಈ ಪರೀಕ್ಷೆಗೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ, ಹೆಣ್ಣಿನ ಘನತೆಗೆ ಇದು ಅಪಮಾನ, ಇದನ್ನು ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಎಂದು 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಖಂಡಿತವಾಗಿ ಹೇಳಿದೆ. ಯಾವ ಆಸ್ಪತ್ರೆಯಲ್ಲಾದರೂ ಸರಿ, ಯಾರಾದರೂ ಇದನ್ನು ಮಾಡಲು ಬಂದರೆ ‘ಬೇಡ’ ಎನ್ನುವ ಹಕ್ಕು ನಿಮಗಿದೆ.

ಯಾವ ಕೋರ್ಟು? ಯಾವ ಕಾನೂನು?

ಇದು ಸ್ವಲ್ಪ ಸಿಕ್ಕಿನ ವಿಷಯ. ನಿಧಾನವಾಗಿ ಓದಿ.

ಸೈನಿಕನೊಬ್ಬ ಸೈನ್ಯದ ಹೊರಗಿನ ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿದರೆ, ಅವಳು ಕ್ವಾರ್ಟರ್ಸಿನಲ್ಲಿರುವ ಇನ್ನೊಬ್ಬ ಸೈನಿಕನ ಹೆಂಡತಿಯಾಗಿರಲಿ, ಮನೆಗೆಲಸದವಳಾಗಿರಲಿ, ಅದರ ವಿಚಾರಣೆ ನಮ್ಮ ನಿಮ್ಮ ಸಾಮಾನ್ಯ ನ್ಯಾಯಾಲಯದಲ್ಲೇ ನಡೆಯಬೇಕು. 1950ರ ಸೇನಾ ಕಾಯ್ದೆಯ 70ನೇ ಸೆಕ್ಷನ್ ಹಾಗೆ ಹೇಳುತ್ತದೆ. ಯುದ್ಧಸೇವೆಯಲ್ಲಿದ್ದಾಗ, ಹೊರದೇಶದಲ್ಲಿ, ಗಡಿಠಾಣ್ಯದಲ್ಲಿ ಮಾತ್ರ ವಿನಾಯಿತಿ. ಇಬ್ಬರೂ ಸೈನ್ಯದವರೇ ಆಗಿದ್ದರೆ ಕೋರ್ಟ್ ಮಾರ್ಷಲ್ ಕೂಡ ನಡೆಸಬಹುದು. ಕೊಯಮತ್ತೂರಿನಲ್ಲಿ ಆದದ್ದು ಇದೇ. ಆದರೆ ವಿಚಾರಣೆ ಎಲ್ಲೇ ನಡೆಯಲಿ, ಪೊಲೀಸರಿಗೆ ದೂರು ಕೊಡುವ ಹಕ್ಕನ್ನು ಸಮವಸ್ತ್ರ ಕಿತ್ತುಕೊಳ್ಳುವುದಿಲ್ಲ. ಇದನ್ನು ಮನಸ್ಸಿಗೆ ಹಾಕಿಕೊಳ್ಳಿ.

ಅತ್ಯಾಚಾರದ ಮಟ್ಟಕ್ಕೆ ಹೋಗದ ಕಿರುಕುಳವೂ ಉಂಟಲ್ಲ? ಅಸಹ್ಯದ ಮಾತು, ರಾತ್ರಿಯ ಮೆಸೇಜು, ‘ಇಷ್ಟು ಮಾಡು, ರಜೆ ಕೊಡ್ತೀನಿ’ ಎಂಬ ವ್ಯಾಪಾರ, ಬೇಕೆಂದೇ ಮೈ ತಾಕಿಸುವುದು. ಇದಕ್ಕೆ 2013ರ ಕಾಯ್ದೆ ಇದೆ. ಹತ್ತು ಜನ ದುಡಿಯುವ ಯಾವುದೇ ಕಚೇರಿಯಲ್ಲಿ, ಸರ್ಕಾರದ್ದಾಗಲಿ ಖಾಸಗಿಯಾಗಲಿ, ಆಂತರಿಕ ಸಮಿತಿ ಇರಬೇಕು. ಅದರ ಅಧ್ಯಕ್ಷೆ ಹಿರಿಯ ಮಹಿಳೆಯೇ ಆಗಿರಬೇಕು, ಅರ್ಧದಷ್ಟಾದರೂ ಸದಸ್ಯರು ಮಹಿಳೆಯರಿರಬೇಕು, ಹೊರಗಿನವರೊಬ್ಬರು ಇರಬೇಕು. ಘಟನೆಯಾದ ಮೂರು ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು. ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಷ್ಟರವರೆಗೆ ಅವಳು ಬೇರೆ ಕಡೆಗೆ ವರ್ಗವನ್ನೋ ಮೂರು ತಿಂಗಳ ರಜೆಯನ್ನೋ ಕೇಳಬಹುದು. ಅವಳ ಹೆಸರನ್ನು ಬಯಲು ಮಾಡುವಂತಿಲ್ಲ.

‘ಸಾಕ್ಷಿ ಸಿಗದಿದ್ದರೆ ನಮ್ಮ ಹುಡುಗಿಗೇ ಶಿಕ್ಷೆಯಂತೆ’ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಬರೀ ಸಾಬೀತುಪಡಿಸಲಾಗಲಿಲ್ಲ ಎಂಬ ಕಾರಣಕ್ಕೆ ದೂರು ಕೊಟ್ಟವಳನ್ನು ಶಿಕ್ಷಿಸುವಂತಿಲ್ಲವೆಂದು ಕಾಯ್ದೆಯೇ ಸ್ಪಷ್ಟವಾಗಿ ಹೇಳಿದೆ. ಅವಳಿಂದ ಆಗದಿದ್ದರೆ ಅವಳ ಲಿಖಿತ ಒಪ್ಪಿಗೆ ಪಡೆದು ವಿಷಯ ತಿಳಿದ ಇನ್ನೊಬ್ಬರು, ಅಂದರೆ ನೀವೂ ಸಹ, ದೂರು ಸಲ್ಲಿಸಬಹುದು.

ಹೊರದೇಶಗಳಲ್ಲಿ ಹೇಗೆ?

ಇದು ನಮ್ಮ ದೇಶದ ಪಿಡುಗು ಮಾತ್ರವೆಂದು ನಾಚಬೇಕಾಗಿಲ್ಲ. ಬ್ರಿಟನ್ನಿನ ಪಾರ್ಲಿಮೆಂಟಿನ ಸಮಿತಿಯೊಂದು 2021ರಲ್ಲಿ ವಿಚಾರಿಸಿದಾಗ, ಮಾತಾಡಿದ ನಿವೃತ್ತ ಸೈನಿಕ ಮಹಿಳೆಯರಲ್ಲಿ ನೂರಕ್ಕೆ 64 ಮಂದಿ ಸೇವೆಯಲ್ಲಿದ್ದಾಗ ದಬ್ಬಾಳಿಕೆಯನ್ನೋ ಕಿರುಕುಳವನ್ನೋ ಭೇದಭಾವವನ್ನೋ ಅನುಭವಿಸಿದ್ದಾಗಿ ಹೇಳಿದರು. ಜಪಾನಿನಲ್ಲಿ ರೀನಾ ಗೊನೋಯಿ ಎಂಬ ತರುಣಿ ಸೈನ್ಯ ಬಿಟ್ಟ ಮೇಲೆ 2022ರಲ್ಲಿ ಮುಖ ಮರೆಸಿಕೊಳ್ಳದೆ ತನಗಾದದ್ದನ್ನು ಹೇಳಿದಳು. ಮುಂದಿನ ವರ್ಷ ಡಿಸೆಂಬರಿನಲ್ಲಿ ನ್ಯಾಯಾಲಯ ಮೂವರು ಮಾಜಿ ಸೈನಿಕರನ್ನು ತಪ್ಪಿತಸ್ಥರೆಂದಿತು.

ಅಮೆರಿಕದ ಸೈನ್ಯದಿಂದ ನಾವು ಕಲಿಯಬಹುದಾದ ಮಾತು ಎರಡಿವೆ. ಒಂದು, ಅಲ್ಲಿ 2005ರಿಂದ ನೊಂದವಳಿಗೆ ಎರಡು ದಾರಿ. ತನಿಖೆ ಬೇಕೆಂದರೆ ಬಹಿರಂಗ ದೂರು. ತನಿಖೆಗೆ ಮನಸ್ಸು ಇನ್ನೂ ಗಟ್ಟಿಯಾಗಿಲ್ಲವೆಂದರೆ ಗುಟ್ಟಿನ ದೂರು. ಚಿಕಿತ್ಸೆ, ಸಾಂತ್ವನ, ಸಲಹೆ ಎಲ್ಲ ಸಿಗುತ್ತದೆ, ಮೇಲಧಿಕಾರಿಗೆ ಅವಳ ಹೆಸರು ಹೋಗುವುದಿಲ್ಲ. ಎರಡು, 2020ರಲ್ಲಿ ಟೆಕ್ಸಾಸಿನಲ್ಲಿ ವನೆಸ್ಸಾ ಗಿಯೆನ್ ಎಂಬ ಇಪ್ಪತ್ತು ವರ್ಷದ ಸೈನಿಕ ಹುಡುಗಿಯ ಕೊಲೆಯಾಯಿತು. ಕಿರುಕುಳದ ಮಾತನ್ನು ಅವಳು ಮನೆಯವರಿಗೆ ಹೇಳಿಕೊಂಡಿದ್ದಳು. ಅವಳ ತಾಯಿ, ಅಕ್ಕತಂಗಿಯರು ಬೀದಿಗಿಳಿದು ಕೇಳಿದರು, ದೇಶವೇ ಅವರ ಬೆನ್ನಿಗೆ ನಿಂತಿತು. ಕೊನೆಗೆ ಇಂಥ ಮೊಕದ್ದಮೆ ಹೂಡಬೇಕೋ ಬೇಡವೋ ಎಂಬ ತೀರ್ಮಾನವನ್ನೇ ಮೇಲಧಿಕಾರಿಗಳ ಕೈಯಿಂದ ತೆಗೆದು ಬೇರೆ ವಕೀಲರಿಗೆ ಕೊಡುವ ಕಾನೂನು ಬಂತು. 2023ರ ಡಿಸೆಂಬರಿನಿಂದ ಅದು ಜಾರಿಯಲ್ಲಿದೆ. ಮನೆಯ ಹೆಂಗಸರ ಹಟ ಏನು ಮಾಡಬಲ್ಲದು, ನೋಡಿದಿರಾ!

ಹೊರಡುವ ಮುನ್ನ ಮಗಳಿಗೆ ಹೇಳಿ

ಮೊದಲು ಒಂದು ಮಾತು. ತಪ್ಪು ಮಾಡುವವನನ್ನು ತಡೆಯುವ ಹೊಣೆ ಸೈನ್ಯದ್ದು, ಸರ್ಕಾರದ್ದು. ನಿಮ್ಮ ಮಗಳು ಎಷ್ಟು ಎಚ್ಚರವಾಗಿದ್ದರೂ ಕೆಟ್ಟದ್ದು ನಡೆಯಬಹುದು; ನಡೆದರೆ ಅದು ಅವಳ ಎಚ್ಚರಗೇಡಲ್ಲ. ಆದರೂ ತಿಳಿದವಳಿಗೆ ದಾರಿ ಬೇಗ ಕಾಣುತ್ತದೆ. ಆದ್ದರಿಂದ ಇಷ್ಟನ್ನು ಹೇಳಿ.

ಅಪ್ಪಣೆ ಕೆಲಸಕ್ಕೆ ಸಂಬಂಧಿಸಿದ್ದು. ಓಡು ಎಂದರೆ ಓಡಬೇಕು, ಕಾವಲು ನಿಲ್ಲು ಎಂದರೆ ನಿಲ್ಲಬೇಕು. ಮೈ ಮುಟ್ಟಿಸಿಕೊಳ್ಳಬೇಕೆಂಬ ಅಪ್ಪಣೆ ಯಾವ ಸೈನ್ಯದ ಪುಸ್ತಕದಲ್ಲೂ ಇಲ್ಲ. ಅದಕ್ಕೆ ‘ಇಲ್ಲ ಸರ್’ ಎಂದರೆ ಅಶಿಸ್ತಲ್ಲ.

ಹೋದ ವಾರದಲ್ಲೇ ಆಂತರಿಕ ಸಮಿತಿಯ ಅಧ್ಯಕ್ಷೆ ಯಾರು, ಎಲ್ಲಿ ಸಿಗುತ್ತಾರೆ ಎಂದು ನೋಟೀಸ್ ಬೋರ್ಡಿನಲ್ಲಿ ನೋಡಿಕೊಳ್ಳಲಿ. ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ.

ಒಂದು ಸಣ್ಣ ಡೈರಿ ಇಟ್ಟುಕೊಳ್ಳಲಿ. ಯಾರಾದರೂ ಅಡ್ಡ ಮಾತಾಡಿದರೆ ತಾರೀಖು, ಹೊತ್ತು, ಜಾಗ, ಆಡಿದ ಮಾತು, ಹತ್ತಿರ ಯಾರಿದ್ದರು ಎಂಬುದನ್ನು ಅದೇ ದಿನ ಬರೆಯಲಿ. ಅಸಹ್ಯವೆಂದು ಮೆಸೇಜುಗಳನ್ನು ಅಳಿಸದಿರಲಿ. ಅದೇ ನಾಳೆ ಸಾಕ್ಷಿ.

ನಿಮಗಿಬ್ಬರಿಗೇ ಗೊತ್ತಿರುವ ಒಂದು ಮಾತು ಗೊತ್ತುಮಾಡಿಕೊಳ್ಳಿ. ‘ಅಮ್ಮ, ಹಾಗಲಕಾಯಿ ಗೊಜ್ಜು ತಿನ್ನಬೇಕು ಅನ್ನಿಸ್ತಿದೆ’ ಎಂದರೆ ‘ಇಲ್ಲಿ ಮಾತಾಡಲಾರೆ, ನನಗೆ ತೊಂದರೆ ಇದೆ’ ಎಂದು ನಿಮಗೆ ಅರ್ಥವಾಗಲಿ. ಪಕ್ಕದಲ್ಲಿ ಜನ ಇದ್ದರೂ ಅವಳು ಹೇಳಬಹುದು.

ಭರ್ತಿಗೆ ಮುಂಚಿನ ತಯಾರಿಯ ಕಡೆಗೂ ಕಣ್ಣಿರಲಿ. ಊರೂರಲ್ಲಿ ಖಾಸಗಿ ತರಬೇತಿ ಅಕಾಡೆಮಿಗಳು ತಲೆಯೆತ್ತಿವೆ. ಹಾಸ್ಟೆಲಿನಲ್ಲಿ ಹೆಂಗಸರ ಮೇಲ್ವಿಚಾರಣೆ ಇದೆಯೇ, ತೂಕ, ಎದೆ ಅಳತೆ ತೆಗೆಯುವವರು ಯಾರು ಎಂದು ನೀವೇ ಹೋಗಿ ವಿಚಾರಿಸಿ. ಅಗ್ನಿವೀರಕ್ಕೆ ಹದಿನೇಳೂವರೆಗೇ ಅರ್ಜಿ ಹಾಕಬಹುದು. ಹದಿನೆಂಟು ತುಂಬುವವರೆಗೆ ಕಾನೂನಿನ ಕಣ್ಣಿನಲ್ಲಿ ಅವಳು ಮಗುವೇ. ಅವಳ ಮೇಲೆ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ, ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು.

ಆ ಫೋನು ಬಂದಾಗ

ಎಲ್ಲಕ್ಕಿಂತ ಮುಖ್ಯ ಇದು. ಮಗಳು ಅಳುತ್ತ ಫೋನು ಮಾಡಿದಳೆಂದು ಇಟ್ಟುಕೊಳ್ಳಿ. ನಿಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು?

‘ಅಯ್ಯೋ, ಅಲ್ಲಿಗೆ ಹೋಗಬೇಡ ಅಂತ ಬಡ್ಕೊಂಡೆ!’ ‘ನೀನ್ಯಾಕೆ ಆ ಹೊತ್ತಿನಲ್ಲಿ ಅಲ್ಲಿಗೆ ಹೋದೆ?’ ‘ಯಾರಿಗೂ ಹೇಳಬೇಡ, ನಿಮ್ಮಪ್ಪನಿಗೆ ಗೊತ್ತಾದರೆ ಎದೆ ಒಡ್ಕೊಂಡುಬಿಡ್ತಾರೆ, ನಾಳೆ ಮದುವೆ ಆಗಬೇಕಾದವಳು!’ ನಮ್ಮ ತಾಯಂದಿರು ನಮಗೆ ಹೇಳಿದ್ದು ಇದನ್ನೇ, ಅವರಿಗೆ ಅವರ ತಾಯಂದಿರು ಹೇಳಿದ್ದೂ ಇದನ್ನೇ. ‘ಮುಳ್ಳಿನ ಮೇಲೆ ಸೆರಗು ಬಿದ್ದರೂ, ಸೆರಗಿನ ಮೇಲೆ ಮುಳ್ಳು ಬಿದ್ದರೂ ಹರಿಯುವುದು ಸೆರಗೇ’ ಎಂಬ ಗಾದೆ ಕೇಳಿ ಬೆಳೆದವರು ನಾವು. ಹೌದು, ಸೆರಗು ಹರಿಯಿತು. ಹಾಗೆಂದು ಸೆರಗಿಗೆ ಶಿಕ್ಷೆಯೇ? ದಾರಿಯಲ್ಲಿನ ಮುಳ್ಳನ್ನು ಕಡಿದು ಹಾಕುವವರು ಯಾರು?

ಹೀಗೆ ಹೇಳಿ: ‘ನಾನು ನಿನ್ನ ನಂಬ್ತೀನಿ ಪುಟ್ಟಿ. ತಪ್ಪು ನಿನ್ನದಲ್ಲ. ಈಗ ನೀನು ಎಲ್ಲಿದ್ದೀಯ, ಅಪಾಯ ಇಲ್ಲ ತಾನೆ? ಮುಂದೇನು ಮಾಡಬೇಕು ಅಂತ ಇಬ್ಬರೂ ಯೋಚಿಸೋಣ.’ ಇಷ್ಟು ಸಾಕು. ಎಲ್ಲ ವಿವರವನ್ನೂ ಅಲ್ಲೇ ಕೇಳಿ ಹಿಂಡಬೇಡಿ. ಅವಳು ಹೇಳಿದಷ್ಟನ್ನು ಕೇಳಿ, ಅಳುವಷ್ಟು ಅಳಲಿ. ಅವಳ ಒಪ್ಪಿಗೆ ಇಲ್ಲದೆ ಚಿಕ್ಕಪ್ಪನಿಗೆ, ಸೋದರಮಾವನಿಗೆ ಸುದ್ದಿ ಮುಟ್ಟಿಸಬೇಡಿ. ಫೋನಿಟ್ಟ ಮೇಲೆ ಅವಳು ಹೇಳಿದ್ದನ್ನು ತಾರೀಖು, ಹೊತ್ತಿನ ಸಮೇತ ಬರೆದಿಡಿ. ಮೊದಲು ಕೇಳಿದವರ ಮಾತಿಗೂ ನ್ಯಾಯಾಲಯದಲ್ಲಿ ಬೆಲೆ ಇದೆ.

ಮೊದಲ ಮೂರು ದಿನ

ದೈಹಿಕವಾಗಿ ಅತ್ಯಾಚಾರವೇ ಆಗಿದ್ದರೆ ಮೊದಲ 72 ಗಂಟೆ ಬಹಳ ಮುಖ್ಯ. ಯಾರಿಗೇ ಆಗಲಿ ತಕ್ಷಣ ಸ್ನಾನ ಮಾಡಬೇಕು, ಬಟ್ಟೆ ಸುಟ್ಟು ಹಾಕಬೇಕು ಅನ್ನಿಸುವುದು ಸಹಜ. ಆದರೆ ಸಾಧ್ಯವಾದಷ್ಟೂ ಆಸ್ಪತ್ರೆಗೆ ಹೋಗುವವರೆಗೆ ಸ್ನಾನ ಬೇಡ, ಬಟ್ಟೆ ಒಗೆಯುವುದು ಬೇಡ. ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ತೇವಕ್ಕೆ ಕೆಡುತ್ತದೆ. ಕಾಗದದ ಚೀಲದಲ್ಲೋ ಹಳೇ ಪತ್ರಿಕೆಯಲ್ಲೋ ಸುತ್ತಿಡಬೇಕು. ಸ್ನಾನ ಮಾಡಿಬಿಟ್ಟಿದ್ದರೂ ಎಲ್ಲ ಮುಗಿಯಿತೆಂದು ಕೈಚೆಲ್ಲಬೇಡಿ, ಆಸ್ಪತ್ರೆಗೆ ಹೋಗಲೇಬೇಕು.

ಗರ್ಭ ನಿಲ್ಲದಂತೆ ತಡೆಯುವ ಮಾತ್ರೆ, ಎಚ್.ಐ.ವಿ. ಸೋಂಕು ತಗಲದಂತೆ ತಡೆಯುವ ಔಷಧಿ, ಇವೆರಡನ್ನೂ 72 ಗಂಟೆಯೊಳಗೆ, ಆದಷ್ಟೂ ಬೇಗ ಶುರುಮಾಡಬೇಕು. ಸರ್ಕಾರಿ ಆಸ್ಪತ್ರೆ, ಖಾಸಗಿ ಆಸ್ಪತ್ರೆ ಎಂಬ ಭೇದವಿಲ್ಲದೆ ಅತ್ಯಾಚಾರಕ್ಕೊಳಗಾದವಳಿಗೆ ಪುಕ್ಕಟೆ ಚಿಕಿತ್ಸೆ ಕೊಡಬೇಕೆಂದು ಕಾನೂನಿದೆ. ‘ಮೊದಲು ಎಫ್.ಐ.ಆರ್. ತನ್ನಿ’ ಎಂದು ವಾಪಸು ಕಳಿಸಿದರೆ ಆಸ್ಪತ್ರೆಯವರ ಮೇಲೆಯೇ ಮೊಕದ್ದಮೆ ಹೂಡಬಹುದು. ಮೈ ಪರೀಕ್ಷೆಗೆ ಅವಳ ಒಪ್ಪಿಗೆ ಬೇಕೇ ಬೇಕು.

ಮಗಳು ದೂರದಲ್ಲಿ, ನೀವು ಇಲ್ಲಿ

‘ಮಗಳು ಇರೋದು ಅಸ್ಸಾಮಿನಲ್ಲಿ, ನಾವು ಬಸವೇಶ್ವರನಗರದಲ್ಲಿ. ಏನು ಮಾಡೋಕಾಗತ್ತೆ?’ ಎನ್ನಬೇಡಿ. ‘ಜೀರೋ ಎಫ್.ಐ.ಆರ್.’ ಎಂಬುದು ಇಂಥದ್ದಕ್ಕೇ ಇರುವುದು. ಘಟನೆ ಎಲ್ಲೇ ನಡೆದಿರಲಿ, ನಿಮ್ಮ ಹತ್ತಿರದ ಠಾಣೆಯಲ್ಲಿ, ಅದು ರಾಜಾಜಿನಗರದ್ದಿರಲಿ, ಕೆಂಗೇರಿಯದಿರಲಿ, ನಿಮ್ಮ ಊರಿನದಿರಲಿ, ದೂರು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಇಂಥ ಅಪರಾಧದ ದೂರು ಬರೆದುಕೊಳ್ಳದ ಪೊಲೀಸ್ ಅಧಿಕಾರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸಜೆ ಇದೆ. ನೊಂದವಳ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಎಫ್.ಐ.ಆರ್. ಪ್ರತಿಯನ್ನು ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ.

ವಕೀಲರಿಗೆ ಹಣವೆಲ್ಲಿಂದ ಎಂಬ ಚಿಂತೆಯೇ? ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಒದಗಿಸುತ್ತದೆ. ಅತ್ಯಾಚಾರಕ್ಕೊಳಗಾದವರಿಗೆ ಪರಿಹಾರವನ್ನೂ ಅಲ್ಲೇ ಕೇಳಬಹುದು. 2018ರ ಯೋಜನೆಯಂತೆ ಅದು 4 ಲಕ್ಷದಿಂದ 7 ಲಕ್ಷ ರೂಪಾಯಿವರೆಗೆ.

ಆಮೇಲಿನ ದಿನಗಳು

ದೂರು ಕೊಟ್ಟ ಮರುದಿನ ಎಲ್ಲ ಸರಿಹೋಗುವುದಿಲ್ಲ. ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಬಾಗಿಲು ಸದ್ದಾದರೂ ಬೆಚ್ಚುತ್ತಾಳೆ. ರಜೆಯ ಮೇಲೆ ಬಂದ ಮಗಳು ಕೋಣೆ ಬಿಟ್ಟು ಹೊರಗೆ ಬಾರದಿದ್ದರೆ ‘ಎಷ್ಟು ದಿನ ಹೀಗೇ ಕೂತಿರ್ತೀಯೆ?’ ಎಂದು ಗದರಿಸಬೇಡಿ. ಅವಳಿಗೆ ಬೇಕೆನ್ನಿಸಿದಾಗ ಒಂದು ತುತ್ತು ಅನ್ನ, ಪಕ್ಕದಲ್ಲಿ ಮಲಗುವ ತಾಯಿ, ಬೇಕಿಲ್ಲದಾಗ ಸುಮ್ಮನೆ ಬಿಡುವ ತಾಯಿ, ಎರಡೂ ಔಷಧಿಯೇ. ವಾರಗಳು ಕಳೆದರೂ ಹಗುರಾಗದಿದ್ದರೆ ಮನೋವೈದ್ಯರ ನೆರವು ಪಡೆಯಿರಿ. ನಮ್ಮ ನಿಮ್ಹಾನ್ಸ್ ಮುಂದೆ ನಿಂತು ನಡೆಸುವ ಟೆಲಿ ಮಾನಸ್ ಎಂಬ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕೆಲಸ ಬಿಡಬೇಕೋ ಮುಂದುವರಿಸಬೇಕೋ ಎಂಬುದನ್ನು ಅವಳೇ ತೀರ್ಮಾನಿಸಲಿ. ‘ಸಾಕು, ಬಂದುಬಿಡು’ ಎಂದು ನಾವು ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಓಡಿ ಓಡಿ, ಮೊಣಕಾಲು ತರಚಿಕೊಂಡು ಪಡೆದ ಹುದ್ದೆಯನ್ನು ತಪ್ಪು ಮಾಡದವಳು ಯಾಕೆ ಬಿಡಬೇಕು? ಬಿಡುವುದಾದರೆ ಅವಳ ಇಷ್ಟದಿಂದ ಬಿಡಲಿ, ನಮ್ಮ ಭಯದಿಂದ ಬೇಡ.

ಗಂಡುಮಕ್ಕಳ ತಾಯಂದಿರಿಗೂ ಒಂದು ಮಾತು. ಸೈನ್ಯಕ್ಕೆ ಹೋದ ನಿಮ್ಮ ಹುಡುಗನಿಗೂ ಇಂಥದ್ದು ಆಗಬಹುದು, ‘ಗಂಡಸಾಗಿ ಅಳ್ತೀಯಾ?’ ಎನ್ನದೆ ಕೇಳಿಸಿಕೊಳ್ಳಿ. ಇನ್ನೊಬ್ಬರ ಮಗಳು ಅವನ ಜೊತೆ ಡ್ಯೂಟಿಯಲ್ಲಿರುತ್ತಾಳೆಂಬುದನ್ನೂ ಅವನಿಗೆ ನೆನಪಿಸಿ. ಗೆಳೆಯನೊಬ್ಬ ಅವಳ ಬಗ್ಗೆ ಕೊಳಕು ಮಾತಾಡಿದಾಗ ‘ಸುಮ್ನಿರೋ’ ಎನ್ನುವ ಒಬ್ಬ ಹುಡುಗ ಇದ್ದರೆ ಸಾಕು, ಅರ್ಧ ಕಾವಲು ಅಲ್ಲೇ ಆಯಿತು.

‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎನ್ನುತ್ತಾರೆ. ನಿಜ. ಆದರೆ ಇಲ್ಲಿ ಮಾನ ಹೋದದ್ದು ಕೈಹಾಕಿದವನದು, ನಮ್ಮ ಮಗಳದಲ್ಲ. ಮನೆಯವರಾದ ನಾವು ಮೊದಲು ಇದನ್ನು ನಂಬಿದರೆ, ಊರೂ ನಿಧಾನವಾಗಿ ನಂಬುತ್ತದೆ.

ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ

112 – ತಕ್ಷಣದ ಅಪಾಯಕ್ಕೆ, ಪೊಲೀಸ್ ನೆರವಿಗೆ

181 – ಮಹಿಳಾ ಸಹಾಯವಾಣಿ. ಆಸ್ಪತ್ರೆ, ತಂಗುವ ಜಾಗ, ಪೊಲೀಸ್, ವಕೀಲರು ಎಲ್ಲ ಒಂದೇ ಕಡೆ ಸಿಗುವ ‘ಸಖಿ’ ಕೇಂದ್ರದ ವಿಳಾಸವನ್ನೂ ಇಲ್ಲೇ ಕೇಳಿ

1098 – ಹದಿನೆಂಟರ ಒಳಗಿನ ಮಕ್ಕಳಿಗೆ

15100 – ಉಚಿತ ಕಾನೂನು ನೆರವು

14416 – ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ